ಹೊಟ್ಟೆಯೊಳಗಿನ ಪ್ರತಿಧ್ವನಿ: ಸ್ಕ್ಯಾನಿಂಗ್ ಯಂತ್ರ ಏನನ್ನು ಕಾಣುತ್ತದೆ, ಏನನ್ನು ಕಾಣುವುದಿಲ್ಲ?

"ಸ್ಕ್ಯಾನ್ ಮಾಡಿಸಿದಿರಾ?" ಎಂಬ ಪ್ರಶ್ನೆ ಇಂದು ನಮ್ಮ ಮನೆಗಳಲ್ಲಿ "ಊಟ ಆಯಿತಾ?" ಎನ್ನುವಷ್ಟೇ ಸಾಮಾನ್ಯವಾಗಿದೆ. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯವರು ಹೊಟ್ಟೆನೋವಿಗೋ, ಕಿಡ್ನಿ ಕಲ್ಲಿಗೋ, ಬಸಿರಿನ ತಪಾಸಣೆಗೋ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾರೆ. ಕೆಲವರು ಆದಿಚುಂಚನಗಿರಿಯ ಬಳಿ ಬಿ.ಜಿ. ನಗರದಲ್ಲಿರುವ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ, ಇನ್ನು ಕೆಲವರು ಮಂಡ್ಯ ಮೈಸೂರುಗಳಿಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬರುತ್ತಾರೆ. ಕೈಯಲ್ಲಿ ಕಪ್ಪು ಬಿಳುಪಿನ ಒಂದು ಚಿತ್ರ, ಒಂದು ಪುಟದ ವರದಿ.

ಆ ಚಿತ್ರದ ಬಗ್ಗೆ ಎರಡು ಬಗೆಯ ತಪ್ಪು ತಿಳಿವಳಿಕೆ ಇದೆ. ಮೊದಲನೆಯದು, "ಸ್ಕ್ಯಾನ್‌ನಲ್ಲಿ ಎಲ್ಲವೂ ಕಾಣುತ್ತದೆ, ಅದರಲ್ಲಿ ಏನೂ ಬರಲಿಲ್ಲ ಎಂದರೆ ಕಾಯಿಲೆಯೇ ಇಲ್ಲ" ಎಂಬುದು. ಎರಡನೆಯದು, "ಪದೇ ಪದೇ ಸ್ಕ್ಯಾನ್ ಮಾಡಿಸಿದರೆ ಅದರ ಕಿರಣ ಮೈಗೆ, ಮಗುವಿಗೆ ಕೆಡುಕು" ಎಂಬುದು. ಎರಡೂ ನಿಜವಲ್ಲ. ಅಲ್ಟ್ರಾಸೌಂಡ್ ಸ್ಕ್ಯಾನ್ ಎಂಬುದು ಫೋಟೋ ಅಲ್ಲ, ಕಿರಣವೂ ಅಲ್ಲ. ಅದು ಸದ್ದಿನ ಪ್ರತಿಧ್ವನಿಯನ್ನು ಅಂಕಿಗಳಾಗಿ ಹಿಡಿದು ಕಂಪ್ಯೂಟರ್ ಬರೆಯುವ ಒಂದು ಲೆಕ್ಕ. ಲೆಕ್ಕ ಸರಿಯಾಗಬೇಕಾದರೆ ಕೊಟ್ಟ ಅಂಕಿಗಳು ಸರಿಯಾಗಿರಬೇಕು. ಆ ಅಂಕಿಗಳು ಹೇಗೆ ಬರುತ್ತವೆ ಎಂದು ತಿಳಿದರೆ ಸ್ಕ್ಯಾನ್‌ಗೆ ಹೇಗೆ ಸಿದ್ಧರಾಗಬೇಕು, ವರದಿಯನ್ನು ಹೇಗೆ ನಂಬಬೇಕು, ಆ ಯಂತ್ರವನ್ನು ಯಾವುದಕ್ಕೆ ಬಳಸಲೇಬಾರದು ಎಂಬುದೂ ತಿಳಿಯುತ್ತದೆ.

ತಟ್ಟಿ ನೋಡುವ ವಿದ್ಯೆ

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುತ್ತಾರೆ. ಗಟ್ಟಿ ಮಡಕೆ ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ತೆಂಗಿನಕಾಯಿಯನ್ನು ತಟ್ಟಿಯೋ ಕಿವಿಯ ಬಳಿ ಅಲ್ಲಾಡಿಸಿಯೋ ಒಳಗಿನ ನೀರನ್ನು ಅಂದಾಜು ಮಾಡುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಒಡೆಯದೆ, ಕೊಯ್ಯದೆ ಒಳಗನ್ನು ತಿಳಿಯುವುದೇ ಇದರ ಗುಟ್ಟು.

ಯುನಾನಿ ವೈದ್ಯದಲ್ಲೂ ಈ ವಿದ್ಯೆ ಹಳೆಯದು. ನಬ್ಝ್, ಬೌಲ್, ಬರಾಝ್, ಅಂದರೆ ನಾಡಿ, ಮೂತ್ರ ಮತ್ತು ಮಲ, ಈ ಮೂರರ ಪರೀಕ್ಷೆ ನಮ್ಮ ರೋಗನಿರ್ಣಯದ ಅಡಿಪಾಯ. ಅದರೊಂದಿಗೆ ಹಕೀಮರು ಹೊಟ್ಟೆಯನ್ನು ಮುಟ್ಟಿ, ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. ಹೊಟ್ಟೆ ಉಬ್ಬುವ ಇಸ್ತಿಸ್ಕಾ ಎಂಬ ಕಾಯಿಲೆಯನ್ನು ಅವರು ವಿಂಗಡಿಸಿದ ಹೆಸರುಗಳನ್ನೇ ನೋಡಿ. ತಟ್ಟಿದಾಗ ಡೋಲಿನಂತೆ ಸದ್ದು ಬಂದರೆ ಅದು 'ತಬ್ಲೀ', ಏಕೆಂದರೆ ಅರಬಿಯಲ್ಲಿ ತಬ್ಲ್ ಎಂದರೆ ಡೋಲು. ಒಳಗೆ ಗಾಳಿ ತುಂಬಿದೆ ಎಂದು ಅರ್ಥ. ನೀರು ತುಂಬಿದ ತೊಗಲಚೀಲದಂತೆ ಇದ್ದರೆ ಅದು 'ಝಿಕ್ಕೀ', ಏಕೆಂದರೆ ಝಿಕ್ಕ್ ಎಂದರೆ ತೊಗಲಚೀಲ. ಕಾಯಿಲೆಯ ಹೆಸರಿನಲ್ಲೇ ಪರೀಕ್ಷೆಯ ವಿಧಾನ ಅಡಗಿದೆ.

ಬೆರಳು ಮತ್ತು ಕಿವಿಗೆ ಒಂದು ಮಿತಿ ಇತ್ತು. ಗಾಳಿಯೋ ನೀರೋ ಎಂದು ತಿಳಿಯಬಹುದಿತ್ತು, ಆದರೆ ಪಿತ್ತಕೋಶದೊಳಗಿನ 5 ಮಿಲಿಮೀಟರ್ ಕಲ್ಲನ್ನು ತಿಳಿಯಲು ಆಗುತ್ತಿರಲಿಲ್ಲ. ಅಷ್ಟು ಸಣ್ಣದನ್ನು ಹಿಡಿಯಲು ಮನುಷ್ಯನ ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಸದ್ದು ಬೇಕು.

ಕಿವಿಗೆ ಕೇಳದ ಸದ್ದು

ಸೆಕೆಂಡಿಗೆ 20ರಿಂದ 20,000 ಬಾರಿ ಕಂಪಿಸುವ ಸದ್ದನ್ನು ಮಾತ್ರ ನಮ್ಮ ಕಿವಿ ಕೇಳಬಲ್ಲದು. ಅದಕ್ಕಿಂತ ಹೆಚ್ಚು ಕಂಪಿಸುವ ಸದ್ದೇ ಅಲ್ಟ್ರಾಸೌಂಡ್, ಕನ್ನಡದಲ್ಲಿ ಶ್ರವಣಾತೀತ ಧ್ವನಿ. ಹಳೆಯ ಕಟ್ಟಡಗಳಲ್ಲಿ ಗೂಡು ಮಾಡಿಕೊಂಡು ಸಂಜೆ ಹುಳ ಹಿಡಿಯಲು ಹೊರಡುವ ಸಣ್ಣ ಬಾವಲಿಗಳು ಇಂಥ ಸದ್ದು ಹೊರಡಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಕತ್ತಲಲ್ಲಿ ದಾರಿ ಕಂಡುಕೊಳ್ಳುತ್ತವೆ. ಶ್ರೀರಂಗಪಟ್ಟಣದ ಬಳಿ ರಂಗನತಿಟ್ಟಿನ ಮರಗಳಲ್ಲಿ ತೂಗುವ ದೊಡ್ಡ ಹಣ್ಣು ಬಾವಲಿಗಳದ್ದು ಬೇರೆ ರೀತಿ. ಅವು ಕಣ್ಣು ಮತ್ತು ಮೂಗನ್ನೇ ನಂಬುತ್ತವೆ.

1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಒತ್ತಿದಾಗ ವಿದ್ಯುತ್ ಹುಟ್ಟುವುದನ್ನು ಕಂಡುಕೊಂಡರು. ಅದೇ ಹರಳಿಗೆ ವಿದ್ಯುತ್ ಕೊಟ್ಟರೆ ಅದು ನಡುಗಿ ಸದ್ದು ಹೊರಡಿಸುತ್ತದೆ ಎಂಬುದೂ ಮುಂದೆ ತಿಳಿಯಿತು. ಸ್ಕ್ಯಾನ್ ಮಾಡುವವರು ನಿಮ್ಮ ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್‌ನ ಒಳಗೆ ಇರುವುದು ಇದೇ ಗುಣದ ವಸ್ತು. ಅದೇ ಬಾಯಿ, ಅದೇ ಕಿವಿ. ನಮ್ಮ ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಶ್ರವಣಾತೀತ ಧ್ವನಿ ಹರಿಯುವ ದ್ರವದ ಮೂಲಕ ಬೆಳಕು ಹಾದಾಗ ಏನಾಗುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ 1935-36ರಲ್ಲಿ ವಿವರಿಸಿದರು. ಇಂದಿಗೂ ಅದನ್ನು ಜಗತ್ತು ರಾಮನ್-ನಾಥ್ ಸಿದ್ಧಾಂತ ಎಂದೇ ಕರೆಯುತ್ತದೆ.

ಕಬ್ಬಿಣದಿಂದ ಮನುಷ್ಯನಿಗೆ

ಈ ಸದ್ದನ್ನು ಮೊದಲು ಹೆಚ್ಚಾಗಿ ಬಳಸಿದ್ದು ರೋಗಿಗಳ ಮೇಲಲ್ಲ, ಲೋಹದ ಮೇಲೆ. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಮೂಲಕ ಮೈಸೂರಿಗೆ ಹೋಗುವ ರೈಲಿನ ಹಳಿಯನ್ನೇ ತೆಗೆದುಕೊಳ್ಳಿ. ಹಳಿಯ ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಹೊರಗಿನಿಂದ ಕಾಣುವುದಿಲ್ಲ. ಅದಕ್ಕಾಗಿ ರೈಲ್ವೆಯವರು ಹಳಿಯ ಮೇಲೆ ಒಂದು ಸಣ್ಣ ಗಾಡಿಯನ್ನು ತಳ್ಳಿಕೊಂಡು ಹೋಗುತ್ತಾರೆ. ಅದು ಹಳಿಯೊಳಕ್ಕೆ ಶ್ರವಣಾತೀತ ಸದ್ದು ಕಳಿಸುತ್ತದೆ. ಉಕ್ಕಿನಲ್ಲಿ ಈ ಸದ್ದು ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುತ್ತದೆ. ಹಳಿ ಗಟ್ಟಿಯಾಗಿದ್ದರೆ ತಳದಿಂದ ಮಾತ್ರ ಪ್ರತಿಧ್ವನಿ ಬರುತ್ತದೆ. ನಡುವೆ ಬಿರುಕಿದ್ದರೆ ಅದಕ್ಕೂ ಮುಂಚೆಯೇ ಇನ್ನೊಂದು ಪ್ರತಿಧ್ವನಿ ಬರುತ್ತದೆ. ಎಷ್ಟು ಮುಂಚೆ ಬಂತು ಎಂಬುದರಿಂದ ಬಿರುಕು ಎಷ್ಟು ಆಳದಲ್ಲಿದೆ ಎಂದು ಲೆಕ್ಕ ಹಾಕಬಹುದು.

ಇದೇ ಯಂತ್ರವನ್ನು ಮನುಷ್ಯನಿಗೆ ತಂದವರಲ್ಲಿ ಮುಖ್ಯರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಹೆರಿಗೆ ತಜ್ಞ ಇಯಾನ್ ಡೊನಾಲ್ಡ್. 1955ರಲ್ಲಿ ಅವರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿಟ್ಟುಕೊಂಡು ಬಾಯ್ಲರ್ ತಯಾರಿಸುವ ಒಂದು ಕಾರ್ಖಾನೆಗೆ ಹೋದರು. ಅಲ್ಲಿ ಲೋಹದ ಬಿರುಕು ಹುಡುಕುವ ಯಂತ್ರದಿಂದ ಆ ಗಡ್ಡೆಗಳನ್ನು ಪರೀಕ್ಷಿಸಿದರು. ನೀರು ತುಂಬಿದ ಗಡ್ಡೆಗೂ ಗಟ್ಟಿ ಗಡ್ಡೆಗೂ ಪ್ರತಿಧ್ವನಿ ಬೇರೆ ಬೇರೆಯಾಗಿ ಬಂತು. 1958ರಲ್ಲಿ ಅವರೂ ಸಂಗಡಿಗರೂ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮ ಕೆಲಸವನ್ನು ಪ್ರಕಟಿಸಿದರು. ಅವರ ರೋಗಿಗಳಲ್ಲಿ ಒಬ್ಬ ಮಹಿಳೆಗೆ ಹೊಟ್ಟೆಯ ಕ್ಯಾನ್ಸರ್ ಬಲಿತು ನೀರು ತುಂಬಿದೆ, ಇನ್ನು ಮಾಡುವುದೇನೂ ಇಲ್ಲ ಎಂದು ತೀರ್ಮಾನವಾಗಿತ್ತು. ಪ್ರತಿಧ್ವನಿ ಬೇರೆಯೇ ಹೇಳಿತು: ಅದು ಅಂಡಾಶಯದ ದೊಡ್ಡ ನೀರುಗಡ್ಡೆ. ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆದರು, ಆಕೆ ಬದುಕಿಕೊಂಡರು. ನೀರು ಹೊಟ್ಟೆಯಲ್ಲಿ ಹರಡಿದೆಯೋ ಚೀಲದಲ್ಲಿ ಕಟ್ಟಿದೆಯೋ ಎಂಬ ಹಳೆಯ ಹಕೀಮರ ಪ್ರಶ್ನೆಯೇ ಅಲ್ಲಿ ಒಂದು ಜೀವ ಉಳಿಸಿತು.

ಕಂಪ್ಯೂಟರ್ ಒಳಗೆ ನಡೆಯುವುದೇನು?

ಬಾವಿಗೆ ಬಗ್ಗಿ ಕೂಗಿದರೆ ಪ್ರತಿಧ್ವನಿ ಬರುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ; 17 ಮೀಟರ್ ಕೆಳಗಿನ ನೀರಿಗೆ ತಗುಲಿ ಮರಳಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಮರಳಲು ಹಿಡಿದ ಕಾಲ ಗೊತ್ತಾದರೆ ಆಳ ಗೊತ್ತಾಗುತ್ತದೆ. ಸ್ಕ್ಯಾನ್ ಯಂತ್ರ ಮಾಡುವುದೂ ಇದನ್ನೇ. ನಮ್ಮ ಮೈಯ ಮೃದು ಭಾಗಗಳಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ ಎಂದು ಯಂತ್ರ ಇಟ್ಟುಕೊಂಡಿರುತ್ತದೆ. 15 ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ಸದ್ದಿಗೆ ಬೇಕಾಗುವುದು ಸೆಕೆಂಡಿನ ಸುಮಾರು 5,000ನೇ ಒಂದು ಭಾಗ. ಅಷ್ಟರೊಳಗೆ ಬಂದ ಪ್ರತಿಧ್ವನಿಗಳನ್ನೆಲ್ಲ ಹಿಡಿದಿಡಬೇಕು.

ಹಿಡಿದಿಡುವುದು ಹೇಗೆ? ಇದಕ್ಕೆ ನಮ್ಮ ಊರಿನ ಹಾಲಿನ ಡೇರಿಯೇ ಒಳ್ಳೆಯ ಉದಾಹರಣೆ. ಡೇರಿಯಲ್ಲಿ ನೀವು ತಂದ ಹಾಲಿನ ಒಂದಿಷ್ಟನ್ನು ಮಾದರಿ ತೆಗೆದು ಯಂತ್ರಕ್ಕೆ ಕೊಡುತ್ತಾರೆ. ಯಂತ್ರ ಅಳೆಯುತ್ತದೆ, ಕಂಪ್ಯೂಟರ್ ಬರೆದುಕೊಳ್ಳುತ್ತದೆ, ಜಿಡ್ಡಿನ ಅಂಶ ಇಷ್ಟು ಎಂದು ಚೀಟಿ ಬರುತ್ತದೆ. ಅಂದ ಹಾಗೆ, ಈಗ ಬಳಕೆಯಲ್ಲಿರುವ ಹಾಲು ಪರೀಕ್ಷೆಯ ಯಂತ್ರಗಳಲ್ಲಿ ಹಲವು ಇದೇ ಶ್ರವಣಾತೀತ ಧ್ವನಿಯಿಂದಲೇ ಹಾಲನ್ನು ಅಳೆಯುತ್ತವೆ. ಹಾಲು ಅಂಕಿಯಾಗುವಂತೆ ಸ್ಕ್ಯಾನ್‌ನಲ್ಲಿ ಪ್ರತಿಧ್ವನಿ ಅಂಕಿಯಾಗುತ್ತದೆ. ಅದರ ಹಂತಗಳು ಹೀಗಿವೆ.

ಒಂದು, ಪ್ರೋಬ್‌ನ ಹರಳು ಕಿರಿದಾದ ಒಂದು ಸದ್ದನ್ನು ಒಳಕ್ಕೆ ಕಳಿಸಿ ಸುಮ್ಮನಾಗುತ್ತದೆ. ಹೊಟ್ಟೆಯ ಪರೀಕ್ಷೆಗೆ ಇದು ಸಾಮಾನ್ಯವಾಗಿ ಸೆಕೆಂಡಿಗೆ 20ರಿಂದ 50 ಲಕ್ಷ ಬಾರಿ ಕಂಪಿಸುವ ಸದ್ದು. ಥೈರಾಯ್ಡ್‌ನಂಥ ಮೇಲುಮೇಲಿನ ಅಂಗಕ್ಕೆ ಇನ್ನೂ ಹೆಚ್ಚು, ಒಂದು ಕೋಟಿ ಬಾರಿಗೂ ಮೇಲೆ. ಕಂಪನ ಹೆಚ್ಚಿದಷ್ಟೂ ಚಿತ್ರ ನಯವಾಗುತ್ತದೆ, ಆದರೆ ಸದ್ದು ಆಳಕ್ಕೆ ಇಳಿಯುವುದಿಲ್ಲ.

ಎರಡು, ಮರಳಿದ ಪ್ರತಿಧ್ವನಿ ಅದೇ ಹರಳನ್ನು ನಡುಗಿಸಿ ಸಣ್ಣ ವಿದ್ಯುತ್ತನ್ನು ಹುಟ್ಟಿಸುತ್ತದೆ. ಯಂತ್ರದ ಒಂದು ಭಾಗ ಆ ವಿದ್ಯುತ್ತಿನ ಏರಿಳಿತವನ್ನು ಸೆಕೆಂಡಿಗೆ ಕೋಟಿಗಟ್ಟಲೆ ಬಾರಿ ಅಳೆದು ಅಂಕಿಯಾಗಿ ಬರೆದುಕೊಳ್ಳುತ್ತದೆ. ಸದ್ದು ಎಷ್ಟು ವೇಗವಾಗಿ ಕಂಪಿಸುತ್ತದೋ ಅದರ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆಯಲೇಬೇಕು, ಇಲ್ಲದಿದ್ದರೆ ಅಂಕಿ ಸುಳ್ಳಾಗುತ್ತದೆ. ಪ್ರೋಬ್‌ನಲ್ಲಿ 128 ಹರಳುಗಳಿದ್ದು, ಪ್ರತಿಯೊಂದನ್ನೂ ಸೆಕೆಂಡಿಗೆ 4 ಕೋಟಿ ಬಾರಿ ಅಳೆದರೆ, 15 ಸೆಂಟಿಮೀಟರ್ ಆಳದ ಒಂದೇ ಒಂದು ಗೆರೆಗೆ ಸುಮಾರು 10 ಲಕ್ಷ ಅಂಕಿಗಳಾಗುತ್ತವೆ!

ಮೂರು, ಆಳದಿಂದ ಬರುವ ಪ್ರತಿಧ್ವನಿ ದಾರಿಯಲ್ಲೇ ಸೊರಗಿರುತ್ತದೆ. ಅದನ್ನು ಆಳಕ್ಕೆ ತಕ್ಕಂತೆ ಹಿಗ್ಗಿಸುತ್ತಾರೆ. ಎಷ್ಟು ಹಿಗ್ಗಿಸಬೇಕು ಎಂಬುದನ್ನು ಸ್ಕ್ಯಾನ್ ಮಾಡುವವರು ಗುಂಡಿಗಳಿಂದ ಸರಿಪಡಿಸುತ್ತಾರೆ. ಹೆಚ್ಚಾದರೆ ಚಿತ್ರವೆಲ್ಲ ಬಿಳಿಚಿಕೊಳ್ಳುತ್ತದೆ, ಕಡಿಮೆಯಾದರೆ ಇರುವುದೂ ಮರೆಯಾಗುತ್ತದೆ.

ನಾಲ್ಕು, ಕಾಲವನ್ನು ಆಳವೆಂದೂ ಪ್ರತಿಧ್ವನಿಯ ಬಲವನ್ನು ಹೊಳಪೆಂದೂ ಲೆಕ್ಕ ಹಾಕಿ ಕಂಪ್ಯೂಟರ್ ಗೆರೆಯ ಪಕ್ಕ ಗೆರೆ ಇಡುತ್ತದೆ. ಬಲವಾದ ಪ್ರತಿಧ್ವನಿ ಬಿಳಿ, ಪ್ರತಿಧ್ವನಿಯೇ ಇಲ್ಲದ ನೀರು ಕಪ್ಪು, ನಡುವೆ ಬೂದು ಬಣ್ಣದ ನೂರಾರು ಛಾಯೆಗಳು. ಹೀಗೆ ಸೆಕೆಂಡಿಗೆ ಹತ್ತಾರು ಚಿತ್ರಗಳು ಮೂಡುವುದರಿಂದ ಬಸಿರಿನಲ್ಲಿರುವ ಮಗುವಿನ ಹೃದಯ ಬಡಿಯುವುದು ಪರದೆಯ ಮೇಲೆ ಆಡುತ್ತಿರುವಂತೆ ಕಾಣುತ್ತದೆ.

ಲೆಕ್ಕ ತಪ್ಪುವುದು ಎಲ್ಲಿ?

ಡೇರಿಯಲ್ಲಿ ಕ್ಯಾನಿನ ಹಾಲನ್ನು ಕಲಕದೆ ಮೇಲಿನ ಕೆನೆಯನ್ನೋ ತಳದ ತೆಳ್ಳನೆ ಹಾಲನ್ನೋ ಕೊಟ್ಟರೆ ಯಂತ್ರ ಸರಿಯಾಗಿಯೇ ಅಳೆಯುತ್ತದೆ, ಆದರೆ ಚೀಟಿ ತಪ್ಪಾಗುತ್ತದೆ. ಸ್ಕ್ಯಾನ್ ಕೂಡ ಹಾಗೆಯೇ.

ಮೊದಲ ಅಡ್ಡಿ ಗಾಳಿ. ಮೈಯಿಂದ ಗಾಳಿಗೆ ದಾಟುವಲ್ಲಿ ಸದ್ದಿನ ಶೇ. 99ಕ್ಕೂ ಹೆಚ್ಚು ಪಾಲು ಹಿಂದಕ್ಕೆ ಚಿಮ್ಮುತ್ತದೆ. ಪ್ರೋಬ್ ಮತ್ತು ಚರ್ಮದ ನಡುವೆ ಗಾಳಿ ಉಳಿಯಬಾರದೆಂದೇ ತಣ್ಣನೆಯ ಜೆಲ್ ಹಚ್ಚುವುದು. ಕರುಳಿನಲ್ಲಿ ಗಾಳಿ ತುಂಬಿದ್ದರೆ ಅದರ ಹಿಂದಿರುವ ಮೇದೋಜೀರಕ ಗ್ರಂಥಿ ಕಾಣುವುದಿಲ್ಲ. ವರದಿಯಲ್ಲಿ "ಗಾಳಿಯಿಂದಾಗಿ ಈ ಭಾಗ ಸರಿಯಾಗಿ ಕಾಣಲಿಲ್ಲ" ಎಂಬ ಅರ್ಥದ ಸಾಲಿದ್ದರೆ ಅದು "ಅಲ್ಲಿ ಏನೂ ಇಲ್ಲ" ಎಂದಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ದಯವಿಟ್ಟು ನೆನಪಿಡಿ.

ಎರಡನೆಯದು ಗಟ್ಟಿ ವಸ್ತು. ಮೂಳೆ ಮತ್ತು ಕಲ್ಲು ಸದ್ದನ್ನು ತಡೆಯುತ್ತವೆ, ಅವುಗಳ ಹಿಂದೆ ಕಪ್ಪು ನೆರಳು ಬೀಳುತ್ತದೆ. ಪಿತ್ತಕೋಶದ ಕಲ್ಲನ್ನು ಗುರುತಿಸಲು ವೈದ್ಯರಿಗೆ ಈ ನೆರಳೇ ಸಾಕ್ಷಿ. ಆದರೆ ಮೂತ್ರನಾಳದ ನಡುಭಾಗದಲ್ಲಿ ಕರುಳಿನ ಗಾಳಿಯ ಹಿಂದೆ ಸಿಕ್ಕಿಕೊಂಡ ಸಣ್ಣ ಕಲ್ಲು ಅಲ್ಟ್ರಾಸೌಂಡ್‌ಗೆ ಸಿಗದೇ ಹೋಗಬಹುದು. ಆಗ ವೈದ್ಯರು ಸಿ.ಟಿ. ಸ್ಕ್ಯಾನ್ ಬರೆಯುವುದು ದುಡ್ಡಿನಾಸೆಯಿಂದ ಎಂದು ತಿಳಿಯಬೇಡಿ.

ಮೂರನೆಯದು ಅಳತೆಯ ಮಿತಿ. ಕಳೆದ ಬಾರಿ ಕಲ್ಲು 6 ಮಿಲಿಮೀಟರ್ ಇತ್ತು, ಈಗ 5 ಆಗಿದೆ, ಔಷಧ ಕೆಲಸ ಮಾಡುತ್ತಿದೆ ಎಂದು ನನ್ನ ಬಳಿ ಬರುವವರು ಸಂತೋಷದಿಂದ ಹೇಳುತ್ತಾರೆ. ಬೇರೆ ಯಂತ್ರ, ಬೇರೆ ಕೈ, ಬೇರೆ ಕೋನ ಆದಾಗ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಸಹಜ. ಸದ್ದಿನ ವೇಗ 1,540 ಎಂದು ಯಂತ್ರ ಇಟ್ಟುಕೊಂಡಿದ್ದರೂ ಕೊಬ್ಬಿನಲ್ಲಿ ಅದು ಸುಮಾರು 1,450 ಮಾತ್ರ. ಮೈಯಲ್ಲಿ ಕೊಬ್ಬು ಹೆಚ್ಚಿದ್ದರೆ ಲೆಕ್ಕ ಅಷ್ಟರಮಟ್ಟಿಗೆ ಜರುಗುತ್ತದೆ. 6ರಿಂದ 5 ಎಂಬುದು ಗುಣವೂ ಅಲ್ಲ, 5ರಿಂದ 6 ಎಂಬುದು ಭಯಪಡುವ ಸಂಗತಿಯೂ ಅಲ್ಲ.

ಇಲ್ಲಿ ಇನ್ನೊಂದು ಮಾತು. ಹಸಾತೆ ಕುಲ್ಯಾ, ಅಂದರೆ ಕಿಡ್ನಿ ಕಲ್ಲಿಗೆ ಯುನಾನಿಯಲ್ಲಿ ಔಷಧಗಳಿವೆ, ನಾನೂ ಕೊಡುತ್ತೇನೆ. ಆದರೆ ಕಲ್ಲು ಎಲ್ಲಿದೆ, ಎಷ್ಟು ದೊಡ್ಡದು, ಅದರಿಂದ ಕಿಡ್ನಿ ಊದಿಕೊಂಡಿದೆಯೇ ಎಂದು ನೋಡದೆ ಔಷಧ ಆರಂಭಿಸುವುದು ಸರಿಯಲ್ಲ. ಮೂತ್ರನಾಳ ಪೂರ್ತಿ ಕಟ್ಟಿಕೊಂಡಿದ್ದರೆ ಕೆಲವೊಮ್ಮೆ ನೋವು ತಾನಾಗಿ ಕಡಿಮೆಯಾಗಿ, ಒಳಗೊಳಗೇ ಕಿಡ್ನಿ ಹಾಳಾಗುತ್ತಿರುತ್ತದೆ. ನೋವು ನಿಂತಿತು ಎಂದರೆ ಕಲ್ಲು ಹೋಯಿತು ಎಂದಲ್ಲ. ಚಿಕಿತ್ಸೆಯ ನಂತರ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ ಎಂದು ಹೇಳುವುದು ಇದಕ್ಕಾಗಿಯೇ. ಕಲ್ಲಿನೊಂದಿಗೆ ಚಳಿಜ್ವರ ಬಂದರೆ ಅಥವಾ ಮೂತ್ರ ನಿಂತುಹೋದರೆ ಯಾವ ಹಕೀಮರಿಗೂ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಸ್ಕ್ಯಾನ್‌ಗೆ ಸಿದ್ಧತೆ

ಮೇಲುಹೊಟ್ಟೆಯ ಸ್ಕ್ಯಾನ್‌ಗೆ 6ರಿಂದ 8 ಗಂಟೆ ಖಾಲಿ ಹೊಟ್ಟೆ ಬೇಕು. ಊಟ ಮಾಡಿದರೆ ಪಿತ್ತಕೋಶ ಕುಗ್ಗಿ ತನ್ನ ಪಿತ್ತವನ್ನು ಹೊರಹಾಕುತ್ತದೆ. ಕುಗ್ಗಿದ ಚೀಲದಲ್ಲಿ ಸಣ್ಣ ಕಲ್ಲು ಕಾಣುವುದು ಕಷ್ಟ. ಹಿಂದಿನ ರಾತ್ರಿ ಕಾಳು, ಕೋಸು, ಸೋಡಾ ಮುಂತಾದ ಗಾಳಿ ಹುಟ್ಟಿಸುವ ಪದಾರ್ಥ ಬೇಡ. ಸಕ್ಕರೆ ಕಾಯಿಲೆ ಇರುವವರು ಎಷ್ಟು ಹೊತ್ತು ಉಪವಾಸ ಇರಬಹುದು, ಮಾತ್ರೆ ಅಥವಾ ಇನ್ಸುಲಿನ್ ಏನು ಮಾಡಬೇಕು ಎಂದು ಮೊದಲೇ ವೈದ್ಯರನ್ನು ಕೇಳಿ, ಬೆಳಗಿನ ಮೊದಲ ಸರದಿಯನ್ನು ಪಡೆಯಿರಿ.

ಕೆಳಹೊಟ್ಟೆ, ಅಂದರೆ ಗರ್ಭಕೋಶ, ಅಂಡಾಶಯ, ಪ್ರೊಸ್ಟೇಟ್ ನೋಡಲು ಮೂತ್ರಕೋಶ ತುಂಬಿರಬೇಕು. ತುಂಬಿದ ಮೂತ್ರಕೋಶ ಕರುಳನ್ನು ಪಕ್ಕಕ್ಕೆ ಸರಿಸಿ ಸದ್ದಿಗೆ ದಾರಿ ಮಾಡಿಕೊಡುತ್ತದೆ. ಒಂದು ಗಂಟೆ ಮುಂಚೆ ನಾಲ್ಕೈದು ಲೋಟ ನೀರು ಕುಡಿದು ಮೂತ್ರ ತಡೆದಿರಬೇಕು.

ರಮಝಾನ್‌ನಲ್ಲಿ ಮೇಲುಹೊಟ್ಟೆಯ ಸ್ಕ್ಯಾನ್ ಮಾಡಿಸುವುದು ಸುಲಭ. ಸಹರಿಯ ನಂತರ ಆರೇಳು ಗಂಟೆ ಕಳೆದರೆ ಸಿದ್ಧತೆ ತಾನಾಗಿಯೇ ಆಗಿರುತ್ತದೆ. ಹೊರಗಿನಿಂದ ಮಾಡುವ ಸ್ಕ್ಯಾನ್‌ನಲ್ಲಿ ಮೈಯೊಳಕ್ಕೆ ಯಾವುದೂ ಹೋಗುವುದಿಲ್ಲ. ನೀರು ಕುಡಿಯಬೇಕಾದ ಕೆಳಹೊಟ್ಟೆಯ ಸ್ಕ್ಯಾನ್ ತುರ್ತಲ್ಲದಿದ್ದರೆ ಇಫ್ತಾರ್‌ನ ನಂತರದ ಹೊತ್ತಿಗೋ ಹಬ್ಬದ ನಂತರಕ್ಕೋ ಇಟ್ಟುಕೊಳ್ಳಿ. ತುರ್ತಿದ್ದರೆ ತಡ ಮಾಡಬೇಡಿ, ರೋಗಿಗಳಿಗೂ ಗರ್ಭಿಣಿಯರಿಗೂ ಧರ್ಮದಲ್ಲಿ ರಿಯಾಯಿತಿ ಇದೆ. ಒಳಗಿನ ಪರೀಕ್ಷೆಯ ಬಗ್ಗೆ ಸಂದೇಹವಿದ್ದರೆ ಉಲಮಾಗಳನ್ನು ಕೇಳಿ.

ನಾಚಿಕೆಯಿಂದ ಸ್ಕ್ಯಾನ್ ಮುಂದೂಡುವ ಹೆಣ್ಣುಮಕ್ಕಳು ನಮ್ಮಲ್ಲಿ ಕಡಿಮೆಯೇನಿಲ್ಲ. ಮಹಿಳಾ ವೈದ್ಯರು ಯಾವ ದಿನ ಇರುತ್ತಾರೆ ಎಂದು ಮೊದಲೇ ಕೇಳಿ ಹೋಗಿ. ಪುರುಷ ವೈದ್ಯರೇ ಇದ್ದರೆ ಜೊತೆಗೆ ಒಬ್ಬ ಮಹಿಳೆ ಇರಬೇಕೆಂದು ಕೇಳುವುದು ನಿಮ್ಮ ಹಕ್ಕು. ಪರೀಕ್ಷೆಗೆ ಬೇಕಾದಷ್ಟು ಭಾಗ ಬಿಟ್ಟು ಉಳಿದದ್ದನ್ನು ಹೊದಿಕೆಯಿಂದ ಮುಚ್ಚಿಕೊಳ್ಳಬಹುದು.

ಶುಚಿತ್ವದ ಮಾತು

ಒಂದೇ ಪ್ರೋಬ್ ದಿನಕ್ಕೆ ಹತ್ತಾರು ಜನರ ಮೈಯನ್ನು ಮುಟ್ಟುತ್ತದೆ. ಒಬ್ಬರ ನಂತರ ಇನ್ನೊಬ್ಬರಿಗೆ ಬಳಸುವ ಮುನ್ನ ಅದನ್ನು ಒರೆಸಿ ಸೋಂಕುನಿವಾರಕದಿಂದ ಶುಚಿ ಮಾಡಬೇಕು. ಮಂಚದ ಹಾಳೆ ಬದಲಾಗಿರಬೇಕು. ಒಳಗಿನ ಪರೀಕ್ಷೆಯ ಪ್ರೋಬ್‌ಗೆ ಪ್ರತಿ ಬಾರಿ ಹೊಸ ಹೊದಿಕೆ ಹಾಕಲೇಬೇಕು. ಹೊದಿಕೆ ಹಾಕಿದರೂ ಪ್ರೋಬ್ ಅನ್ನು ಪ್ರತಿಬಾರಿ ಸೋಂಕುರಹಿತ ಮಾಡಬೇಕು. ಗಾಯದ ಮೇಲೆ ಅಥವಾ ಸೂಜಿ ಚುಚ್ಚಿ ಮಾಡುವ ಪರೀಕ್ಷೆಯಲ್ಲಿ ದೊಡ್ಡ ಬಾಟಲಿಯ ಜೆಲ್ ಸಾಲದು, ಸೀಲ್ ಮಾಡಿದ ಕ್ರಿಮಿರಹಿತ ಜೆಲ್ ಬೇಕು. ಬಾಟಲಿಯ ಜೆಲ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದು ರೋಗಿಗಳಿಗೆ ಸೋಂಕು ಹರಡಿದ ಪ್ರಸಂಗಗಳು ಜಗತ್ತಿನ ಹಲವೆಡೆ ದಾಖಲಾಗಿವೆ. ನಿಮ್ಮ ಮೈಮೇಲೆ ಹುಣ್ಣು, ಹುಳುಕಡ್ಡಿ ಇದ್ದರೆ ಮೊದಲೇ ಹೇಳಿ. ಅದು ನಿಮ್ಮ ನಂತರ ಬರುವವರ ಬಗ್ಗೆ ನಿಮ್ಮ ಹೊಣೆ.

ಜೆಲ್‌ನ ಬಹುಪಾಲು ನೀರೇ. ಆದರೆ ಅದು ಚರ್ಮಕ್ಕೆ ಅಂಟಿಕೊಳ್ಳುವುದರಿಂದ ಸ್ನಾನ ಅಥವಾ ವುಝೂ ಮಾಡುವ ಮುನ್ನ ಒರೆಸಿ ತೊಳೆದುಕೊಳ್ಳಿ, ನೀರು ಚರ್ಮಕ್ಕೆ ತಗುಲಲಿ.

ಬಸಿರು ಮತ್ತು ಸ್ಕ್ಯಾನ್

ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್-ರೇಯಂಥ ವಿಕಿರಣ ಇಲ್ಲ. ಅಗತ್ಯವಿದ್ದಾಗ, ತಿಳಿದವರು, ಬೇಕಾದಷ್ಟೇ ಹೊತ್ತು ಮಾಡುವ ಸ್ಕ್ಯಾನ್ ತಾಯಿಗೂ ಮಗುವಿಗೂ ಸುರಕ್ಷಿತ. 24 ವಾರಗಳ ಒಳಗೆ ಕನಿಷ್ಠ ಒಂದು ಸ್ಕ್ಯಾನ್ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ನಮ್ಮಲ್ಲಿ ವೈದ್ಯರು 11ರಿಂದ 14 ವಾರಗಳ ನಡುವೆ ಒಂದು, 18ರಿಂದ 20 ವಾರಗಳ ಸುಮಾರಿಗೆ ಅಂಗಗಳ ಬೆಳವಣಿಗೆ ನೋಡುವ ಒಂದು ಸ್ಕ್ಯಾನ್ ಬರೆಯುತ್ತಾರೆ. ಹೃದಯ, ಬೆನ್ನುಹುರಿ, ಕಿಡ್ನಿಗಳ ದೋಷ ತಿಳಿಯುವುದು ಎರಡನೆಯದರಲ್ಲಿ. ಅದನ್ನು ತಪ್ಪಿಸಬೇಡಿ, ತಡವಾಗಿಯೂ ಮಾಡಿಸಬೇಡಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ.

ಇನ್ನು ಕಹಿಯಾದರೂ ಹೇಳಲೇಬೇಕಾದ ವಿಷಯ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಒಂದು ಜಾಲವನ್ನು ಹಿಡಿದರು. ನಮ್ಮದೇ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು, ಬಸಿರಿನ ಮಗು ಹೆಣ್ಣೋ ಗಂಡೋ ಎಂದು ನೋಡಿ, ಹೆಣ್ಣಾದರೆ ಬಸಿರು ತೆಗೆಸುತ್ತಿದ್ದ ಜಾಲ ಅದು. ಕಬ್ಬಿನ ಹಾಲು ಕುದಿಸಿ ಬೆಲ್ಲ ಮಾಡುವ ಜಾಗ! ಒಂದು ಜೀವ ಉಳಿಸಲು ಗ್ಲಾಸ್ಗೋದಲ್ಲಿ ಕಾರ್ಖಾನೆಯಿಂದ ಆಸ್ಪತ್ರೆಗೆ ಬಂದ ಯಂತ್ರ ಇಲ್ಲಿ ಜೀವ ತೆಗೆಯಲು ಆಸ್ಪತ್ರೆಯಿಂದ ಆಲೆಮನೆಗೆ ಹೋಯಿತು. 2011ರ ಜನಗಣತಿಯಲ್ಲಿ ಕರ್ನಾಟಕದ 6 ವರ್ಷದೊಳಗಿನ ಮಕ್ಕಳಲ್ಲಿ 1,000 ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳಿದ್ದರು, ಇಡೀ ದೇಶದಲ್ಲಿ ಇನ್ನೂ ಕಡಿಮೆ.

ಕಾನೂನು ಸ್ಪಷ್ಟವಾಗಿದೆ. 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯ ಪ್ರಕಾರ ಮಗುವಿನ ಲಿಂಗವನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಹೇಳುವುದು ಅಪರಾಧ. ಮೊದಲ ಬಾರಿ ತಪ್ಪು ಮಾಡಿದ ವೈದ್ಯರಿಗೆ 3 ವರ್ಷದವರೆಗೆ ಜೈಲು ಮತ್ತು 10,000 ರೂಪಾಯಿವರೆಗೆ ದಂಡ. ಹೇಳಿಸಿಕೊಳ್ಳಲು ಹೋದ ಗಂಡ ಅಥವಾ ಮನೆಯವರಿಗೆ 3 ವರ್ಷದವರೆಗೆ ಜೈಲು ಮತ್ತು 50,000 ರೂಪಾಯಿವರೆಗೆ ದಂಡ. ಬಸುರಿಯನ್ನು ಗಂಡನೋ ಮನೆಯವರೋ ಒತ್ತಾಯಿಸಿದ್ದಾರೆ ಎಂದೇ ಕಾನೂನು ಮೊದಲಿಗೆ ಭಾವಿಸುತ್ತದೆ. ಪ್ರತಿ ಯಂತ್ರವೂ ನೋಂದಣಿಯಾಗಿರಬೇಕು, ಪ್ರತಿ ಬಸುರಿಯ ಸ್ಕ್ಯಾನ್‌ಗೂ 'ಎಫ್' ನಮೂನೆ ತುಂಬಬೇಕು, "ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ" ಎಂಬ ಫಲಕ ಜನರ ಭಾಷೆಯಲ್ಲಿ ಇರಬೇಕು. ಕೈಯಲ್ಲಿ ಒಯ್ಯಬಹುದಾದ ಸಣ್ಣ ಯಂತ್ರಕ್ಕೂ ಇದೇ ಕಾನೂನು. ಹೆಸರು, ಆಧಾರ್, ನಮೂನೆ ಕೇಳಿದಾಗ "ಇಷ್ಟೆಲ್ಲ ಯಾಕೆ?" ಎಂದು ಬೇಸರಪಡಬೇಡಿ. ಏನನ್ನೂ ಕೇಳದೆ, ಏನನ್ನೂ ಬರೆದುಕೊಳ್ಳದೆ ಸ್ಕ್ಯಾನ್ ಮಾಡುವ ಜಾಗವನ್ನು ಕಂಡು ಭಯಪಡಿ. ಆಲೆಮನೆಯ ಯಂತ್ರವೂ ಅಂಕಿಗಳನ್ನು ಹಿಡಿಯುತ್ತಿತ್ತು. ಅಲ್ಲಿ ದಾಖಲೆಯೊಂದೇ ಇರಲಿಲ್ಲ.

ಪಕ್ಕದ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯಲ್ಲಿ ಸ್ಕ್ಯಾನ್ ಯಂತ್ರಗಳಿಗೆ 'ಸೈಲೆಂಟ್ ಅಬ್ಸರ್ವರ್' ಎಂಬ ಸಣ್ಣ ಪೆಟ್ಟಿಗೆ ಜೋಡಿಸಿ, ಯಂತ್ರ ತೋರಿಸಿದ ಚಿತ್ರಗಳನ್ನೆಲ್ಲ ಉಳಿಸಿಡುವ ಪ್ರಯತ್ನ ನಡೆಯಿತು. ಅದನ್ನು ಪ್ರಶ್ನಿಸಿದಾಗ ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಪೆಟ್ಟಿಗೆ ಒಳ್ಳೆಯದೇ, ಆದರೆ ಮನೆಯೊಳಗಿನ ಮನಸ್ಸಿಗೆ ಅಂಥ ಪೆಟ್ಟಿಗೆ ಇಲ್ಲ. ಜಾಹಿಲಿಯ್ಯಾ ಕಾಲದಲ್ಲಿ ಹೆಣ್ಣು ಶಿಶುವನ್ನು ಜೀವಂತ ಹೂಳುತ್ತಿದ್ದ ಕ್ರೌರ್ಯವನ್ನು ಇಸ್ಲಾಂ ನಿಲ್ಲಿಸಿತು ಎಂದು ಹೆಮ್ಮೆಯಿಂದ ಹೇಳುವ ನಾವು, "ಮೂರನೆಯದೂ ಹೆಣ್ಣಾದರೆ?" ಎಂದು ಸೊಸೆಯ ಮುಂದೆ ನಿಟ್ಟುಸಿರು ಬಿಡುವುದು ಸರಿಯೇ? ಮಗು ಹೆಣ್ಣಾಗುವುದೋ ಗಂಡಾಗುವುದೋ ತಂದೆಯ ಬೀಜಾಣುವಿನಿಂದ ನಿರ್ಧಾರವಾಗುತ್ತದೆ. ಅದರಲ್ಲಿ ಸೊಸೆಯ ತಪ್ಪು ಎಳ್ಳಷ್ಟೂ ಇಲ್ಲ. ಅತ್ತೆಯಂದಿರೇ, ಅಮ್ಮಂದಿರೇ, ಈ ಮಾತನ್ನು ಮನೆಯಲ್ಲಿ ಗಂಡಸರ ಮುಂದೆ ನೀವೇ ಹೇಳಿ.

ಹೊರಡುವ ಮುನ್ನ ನೆನಪಿಡಿ

* ಯಾವ ಕಾರಣಕ್ಕೆ ಸ್ಕ್ಯಾನ್ ಎಂದು ವೈದ್ಯರ ಚೀಟಿಯಲ್ಲಿ ಬರೆಸಿಕೊಳ್ಳಿ. ಏನನ್ನು ಹುಡುಕಬೇಕೆಂದು ತಿಳಿದಿದ್ದರೆ ಸ್ಕ್ಯಾನ್ ಮಾಡುವವರು ಅಲ್ಲಿ ಹೆಚ್ಚು ಹೊತ್ತು ನೋಡುತ್ತಾರೆ.
* ಖಾಲಿ ಹೊಟ್ಟೆಯೋ ತುಂಬಿದ ಮೂತ್ರಕೋಶವೋ ಎಂದು ಮೊದಲೇ ಕೇಳಿ.
* ಹಳೆಯ ವರದಿ ಮತ್ತು ಚಿತ್ರಗಳನ್ನು ಒಂದೇ ಚೀಲದಲ್ಲಿ ತಾರೀಕಿನ ಪ್ರಕಾರ ಇಟ್ಟುಕೊಂಡು ಹೋಗಿ. ಒಂದು ಅಂಕಿಗಿಂತ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಹೆಚ್ಚು ಹೇಳುತ್ತದೆ. ಸಾಧ್ಯವಾದರೆ ಮರುಪರೀಕ್ಷೆಯನ್ನು ಅದೇ ಕೇಂದ್ರದಲ್ಲಿ ಮಾಡಿಸಿ.
* ವರದಿಯ ಕೊನೆಯ ಸಾಲನ್ನಷ್ಟೇ ಅಲ್ಲ, "ಸರಿಯಾಗಿ ಕಾಣಲಿಲ್ಲ" ಎಂಬ ಸಾಲಿದೆಯೇ ಎಂದು ವೈದ್ಯರಿಂದ ಓದಿಸಿಕೊಳ್ಳಿ.
* ಸ್ಕ್ಯಾನ್ ಸರಿಯಿದೆ, ಆದರೆ ತೂಕ ಇಳಿಯುತ್ತಿದೆ, ಮಲದಲ್ಲಿ ರಕ್ತ ಬರುತ್ತಿದೆ, ನುಂಗಲು ಕಷ್ಟವಾಗುತ್ತಿದೆ ಎಂದರೆ ಸುಮ್ಮನಿರಬೇಡಿ. ಜಠರ ಮತ್ತು ಕರುಳಿನ ಒಳಗೋಡೆಗೆ ಎಂಡೋಸ್ಕೋಪಿಯಂಥ ಬೇರೆ ಪರೀಕ್ಷೆ ಬೇಕಾಗಬಹುದು.
* ಹಕೀಮರ ಔಷಧ ತೆಗೆದುಕೊಳ್ಳುತ್ತಿದ್ದರೆ ಆಸ್ಪತ್ರೆಯಲ್ಲೂ, ಆಸ್ಪತ್ರೆಯ ಔಷಧ ತೆಗೆದುಕೊಳ್ಳುತ್ತಿದ್ದರೆ ಹಕೀಮರಿಗೂ ಮುಚ್ಚಿಡದೆ ಹೇಳಿ.
* ಲಿಂಗ ಪತ್ತೆ ಮಾಡುವವರು ಯಾರಾದರೂ ಗೊತ್ತಾದರೆ ಜಿಲ್ಲಾ ಆರೋಗ್ಯ ಇಲಾಖೆಗೆ ಅಥವಾ ಪೊಲೀಸರಿಗೆ ತಿಳಿಸಿ.

ನಾಡಿ ಹಿಡಿಯುವ ಬೆರಳೂ, ಹೊಟ್ಟೆ ತಟ್ಟುವ ಕೈಯೂ, ಕೋಟಿ ಅಂಕಿ ಬರೆದುಕೊಳ್ಳುವ ಯಂತ್ರವೂ ಕೇಳುವುದು ಒಂದನ್ನೇ: ಒಳಗೆ ಏನು ನಡೆಯುತ್ತಿದೆ? ಸರಿಯಾದ ಉತ್ತರ ಸಿಗುವಂತೆ ಸಿದ್ಧರಾಗಿ ಹೋಗುವುದು ನಿಮ್ಮ ಕೆಲಸ. ಶಿಫಾ ಕೊಡುವವನು ಅಲ್ಲಾಹನು.